ಪಕ್ಕದ ಕುರ್ಚಿ

ಅಣ್ಣನ ಬಗ್ಗೆ ಊರಿಗೆ ಗೊತ್ತಿರುವುದು ಇಷ್ಟೇ: ಮಂತ್ರಿಯ ವಿಮಾನವನ್ನು ಆಕಾಶದಲ್ಲಿ ಕಾಯಿಸಿ ಕಕ್ಕಸಿಗೆ ಹೋದವರು, ಆಮೇಲೆ ಜೀಪಿನ ಡ್ರೈವರನ್ನು ಕೊಂದವರು. ಮೊದಲನೆಯದಕ್ಕೆ ಜನ ಬಿದ್ದು ಬಿದ್ದು ನಕ್ಕರು. ಎರಡನೆಯದಕ್ಕೆ ಮುಖಕ್ಕೆ ಉಗಿದರು. ನಗುವಾಗಲಿ ಉಗಿಯುವಾಗಲಿ ಒಬ್ಬರಾದರೂ, "ಅಲ್ರೀ, ಆ ಮನುಷ್ಯನ ಪಕ್ಕದಲ್ಲಿ ಇನ್ನೊಬ್ಬರು ಇರಬೇಕಿತ್ತಲ್ಲ, ಅವರೆಲ್ಲಿ ಹೋಗಿದ್ರು?" ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಆ ಇನ್ನೊಬ್ಬಳು ನಾನೇ. ನಾನು ಎಲ್ಲಿಗೂ ಹೋಗಿರಲಿಲ್ಲ. ಅದೇ ಕಟ್ಟಡದಲ್ಲಿ, ಕೆಳಗಿನ ಮಹಡಿಯಲ್ಲಿ, ಮೇಲಿನವರ ಅಪ್ಪಣೆಯಂತೆ ಕುಳಿತು ಯಾರೂ ಓದದ ವರದಿಗಳನ್ನು ಟೈಪ್ ಮಾಡುತ್ತಿದ್ದೆ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ನಮ್ಮದು ಸಣ್ಣ ವಿಮಾನ ನಿಲ್ದಾಣ. ಒಂದೇ ರನ್‌ವೇ, ಅದರ ಪಕ್ಕಕ್ಕೊಂದು ಗೋಪುರ, ಗೋಪುರದ ತಲೆಯ ಮೇಲೆ ಸುತ್ತಲೂ ಗಾಜಿರುವ ಕೋಣೆ. ವಿಮಾನಗಳಿಗೆ ಇಳಿ, ಏರು, ಕಾಯಿ ಎಂದು ಹೇಳುವವರು ಅಲ್ಲಿ ಕೂರುತ್ತಾರೆ. ನಾನು ಕೆಲಸಕ್ಕೆ ಸೇರಿದ ದಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಆ ಕೋಣೆಗೆ ಬಂದಾಗ ಅವರು ತಿರುಗಿಯೂ ನೋಡದೆ, "ತಡಿಯಮ್ಮಾ, ತಡಿ, ಒಂದು ಇಳೀತಿದೆ" ಎಂದರು. ಅದು ಇಳಿದ ಮೇಲೆ ನನ್ನ ಮುಖ ನೋಡಿ, ತಮ್ಮ ನೀರಿನ ಬಾಟಲಿ ಚಾಚಿ, "ಕೊಟ್ಟೆ" ಎಂದರು. ನಾನು ಹಿಡಿದೆ. ಅವರು ಬಿಡಲಿಲ್ಲ. ಎಳೆದೆ. ಆಗಲೂ ಬಿಡಲಿಲ್ಲ.

"ತಗೊಂಡೆ ಅನ್ನಮ್ಮ, ಬಿಡ್ತೀನಿ."

"ತಗೊಂಡೆ."

ಬಿಟ್ಟರು. ಎಂಥ ಹುಚ್ಚಪ್ಪನ ಪಕ್ಕ ಕೂರಿಸಿದರಪ್ಪಾ ನನ್ನನ್ನು ಎಂದುಕೊಂಡೆ. ಆ ಹುಚ್ಚಿನ ಅರ್ಥ ಆ ಮಧ್ಯಾಹ್ನವೇ ತಿಳಿಯಿತು.

ಕೋಣೆಯಲ್ಲಿ ಎರಡು ಕುರ್ಚಿ. ಎಡಗಡೆಯದು ನೆಲದ ಕುರ್ಚಿ. ನಿಂತ ವಿಮಾನ, ತೆವಳುವ ವಿಮಾನ, ಜೀಪು, ಹುಲ್ಲು ಕತ್ತರಿಸುವ ಟ್ರ್ಯಾಕ್ಟರು, ನೆಲದ ಮೇಲಿನ ಸಕಲವೂ ಅದರ ಪಾಲು. ಅಲ್ಲಿ ಅಣ್ಣ. ಬಲಗಡೆಯದು ರನ್‌ವೇ ಕುರ್ಚಿ. ಇಳಿಯುವ ಏರುವ ವಿಮಾನಗಳ ಜೊತೆ ಮಾತಾಡುವುದು ಅದರ ಕೆಲಸ. ಅಲ್ಲಿ ನಾನು. ರನ್‌ವೇಯ ಮೇಲೆ ಕಲ್ಲುಗಿಲ್ಲು, ಸತ್ತ ಹಕ್ಕಿ ಬಿದ್ದಿದೆಯೇ ಎಂದು ನೋಡಲು ಜೀಪು ಒಳಗೆ ಬರಬೇಕಾದರೆ ಅಣ್ಣ ಅದಕ್ಕೆ ಒಪ್ಪಿಗೆ ಕೊಡುತ್ತಿದ್ದರು. ಕೊಟ್ಟ ಕ್ಷಣವೇ ತಮ್ಮ ಮೇಜಿನ ಮೇಲಿದ್ದ ಕೆಂಪು ಬಿಲ್ಲೆಯನ್ನು ಎತ್ತಿ ಬಲಕ್ಕೆ ಚಾಚುತ್ತಿದ್ದರು. ಅಂಗೈಯಗಲದ ಮರದ ತುಂಡು, ಕೆಂಪು ಬಣ್ಣ ಬಳಿದದ್ದು, ಅಂಚೆಲ್ಲ ಸವೆದು ನುಣುಪಾಗಿತ್ತು. "ಕೊಟ್ಟೆ" ಎಂದು ಅವರು, "ತಗೊಂಡೆ" ಎಂದು ನಾನು. ತೆಗೆದುಕೊಂಡು ನನ್ನ ಕಣ್ಣೆದುರಿನ ಗೂಡಿನಲ್ಲಿ ಇಡುತ್ತಿದ್ದೆ. ಗೂಡಿನಲ್ಲಿ ಕೆಂಪು ಕಾಣುವಷ್ಟು ಹೊತ್ತು, ದೇವರೇ ವಿಮಾನದಲ್ಲಿ ಬರಲಿ, ಇಳಿ ಎನ್ನುವಂತಿಲ್ಲ. ಜೀಪು ಹೊರಗೆ ಹೋಯಿತು ಎಂದು ಅಣ್ಣ ಹೇಳಿದ ಮೇಲೆ ಬಿಲ್ಲೆ ವಾಪಸು. ಆಗಲೂ ಕೊಟ್ಟೆ, ತಗೊಂಡೆ.

"ಕಣ್ಣು ಮರೆಯುತ್ತೆ, ಬಾಯಿ ತಪ್ಪುತ್ತೆ. ಇಬ್ಬರ ಕೈ ಒಂದು ತುಂಡು ಮರದ ಮೇಲೆ ಒಟ್ಟಿಗೆ ಇದ್ದರೆ ಎರಡೂ ತಪ್ಪಲ್ಲ" ಎನ್ನುತ್ತಿದ್ದರು. ಇದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಅಣ್ಣನಿಗೆ ಅವರ ಹಿಂದಿನವರು ಕಲಿಸಿದ್ದು, ಅವರಿಗೆ ಅವರ ಹಿಂದಿನವರು.

ಈ ರೋಗ ಮನೆಗೂ ಅಂಟಿತ್ತು. ಅವರ ಹೆಂಡತಿ, ನಾನು ಅತ್ತಿಗೆ ಎನ್ನುವುದು ಅವರನ್ನೇ, ಹೇಳಿಕೊಂಡು ನಗುತ್ತಿದ್ದರು: ಮಗಳು ಹುಟ್ಟಿದಾಗ ನರ್ಸು ಮಗುವನ್ನು ಕೈಗಿಟ್ಟಳಂತೆ. ಅಣ್ಣ ವಾರ್ಡಿಗೆಲ್ಲ ಕೇಳುವಂತೆ "ತಗೊಂಡೆ!" ಎಂದರಂತೆ. ಪಾಪ, ನರ್ಸು ಬೆಚ್ಚಿಬಿದ್ದು, "ನಿಮ್ಮದೇ ಮಗು ಸ್ವಾಮಿ, ಯಾರೂ ಕಿತ್ಕೊಳ್ಳಲ್ಲ" ಎಂದಳಂತೆ.

ಜೀಪಿನ ಡ್ರೈವರು ಮಾತಿನ ಮಲ್ಲ. ವೈರ್‌ಲೆಸ್ಸಿನಲ್ಲಿ ಇಂತಿಷ್ಟೇ ಮಾತಾಡಬೇಕು ಎಂದು ಕಟ್ಟಳೆಯಿದೆ. ಅವನಿಗೆ ಯಾವ ಕಟ್ಟಳೆ? "ಮೇಲಿರೋ ದೇವರೇ, ಒಳಗೆ ಬರ್ಲಾ?" ಎಂದೇ ಕೇಳುತ್ತಿದ್ದ. ಅಣ್ಣ, "ತಡಿಯಪ್ಪಾ, ತಡಿ" ಎನ್ನುತ್ತಿದ್ದರು. ಅಕ್ಕಪಕ್ಕದಲ್ಲಿ ವಿಮಾನವಿಲ್ಲದಿದ್ದರೂ ಮೊದಲ ಮಾತು ತಡಿ. ಸುತ್ತ ನೋಡಿ, ನನ್ನ ಮುಖ ನೋಡಿ, ಆಮೇಲೆ "ಬಾ". "ಈ ಯಪ್ಪ ಯಮ ಬಂದ್ರೂ ತಡಿ ಅಂತಾರೆ" ಎಂದು ಡ್ರೈವರು ಊರೆಲ್ಲ ಹೇಳಿಕೊಂಡು ಬಂದ. ಹಾಗೆ ಅವರಿಗೆ ತಡಿಯಪ್ಪ ಎಂಬ ಹೆಸರು ಬಿತ್ತು. ಅಣ್ಣ ಬೇಸರ ಮಾಡಿಕೊಳ್ಳಲಿಲ್ಲ. "ಬಾ ಅನ್ನೋದಕ್ಕೆ ಮೈಕು ಸಾಕು ಕಣಮ್ಮ. ತಡಿ ಅನ್ನೋದಕ್ಕೇ ಮನುಷ್ಯ ಬೇಕು" ಎನ್ನುತ್ತಿದ್ದರು.

ಹೀಗೆ ವರ್ಷಗಳು ಹೋದವು. ಆಮೇಲೆ ಮುಖ್ಯ ಕಚೇರಿಯಿಂದ ಸರಾಸರಿ ಬಂತು.

ಅಲ್ಲಿ ಯಾರೋ ಪುಣ್ಯಾತ್ಮ ಕೂತು, ಈ ನಿಲ್ದಾಣಕ್ಕೆ ಗಂಟೆಗೆ ಸರಾಸರಿ ಇಷ್ಟೇ ವಿಮಾನ, ಇದಕ್ಕೆ ಒಬ್ಬರು ಸಾಕು ಎಂದು ಲೆಕ್ಕ ಹಾಕಿದ್ದ. ವಿಮಾನ ಏನು ಸರಾಸರಿ ನೋಡಿಕೊಂಡು ಬರುತ್ತದೆಯೇ? ಬಂದರೆ ಮದುವೆಮನೆಗೆ ನೆಂಟರು ಬಂದ ಹಾಗೆ ಒಟ್ಟಿಗೇ ಬರುತ್ತವೆ, ಇಲ್ಲದಿದ್ದರೆ ಗಂಟೆಗಟ್ಟಲೆ ನೊಣ ಹೊಡೆಯಬೇಕು. ಅಣ್ಣ ಮೇಲಿನವರಿಗೆ ಬಾಯಿ ನೋಯುವಷ್ಟು ಹೇಳಿದರು. ನಾನು ಜಗಳವಾಡಿದೆ. ನಮ್ಮ ದೊಡ್ಡ ಸಾಹೇಬರು, ನಿಲ್ದಾಣದ ಮುಖ್ಯಸ್ಥರು, ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, "ಮೇಲಿಂದ ಬಂದಿದ್ದು, ನಾನೇನ್ ಮಾಡ್ಲಿ?" ಎಂದರು. ಆ ಮನುಷ್ಯನ ಬಾಯಲ್ಲಿ ಬೇರೆ ಮಾತು ನಾನು ಕೇಳಿಯೇ ಇಲ್ಲ.

ನನ್ನನ್ನು ಕೆಳಗಿಳಿಸಿದರು. ತಮಾಷೆ ಕೇಳಿ: ಕಾಗದದ ಮೇಲೆ ನಾನಿನ್ನೂ ಗೋಪುರದವಳೇ. ಮಂತ್ರಿಗಳು ಸಭೆಯಲ್ಲಿ ಎದ್ದು ನಿಂತು, "ಗೋಪುರಗಳಲ್ಲಿ ಸಿಬ್ಬಂದಿ ಕೊರತೆ ಎಂಬುದು ಶುದ್ಧ ಸುಳ್ಳು" ಎಂದಾಗ ಅವರ ಲೆಕ್ಕದಲ್ಲಿ ನಾನೂ ಇದ್ದೆ. ಆದರೆ ನಮ್ಮ ಕೆಲಸದಲ್ಲಿ ಕುರ್ಚಿಯಲ್ಲಿ ಕೂರದೆ ಕೆಲವು ತಿಂಗಳು ಕಳೆದರೆ ಪರವಾನಗಿ ತಾನಾಗಿಯೇ ಸಾಯುತ್ತದೆ. ನನ್ನದು ಡ್ರಾಯರಿನಲ್ಲಿ ಸತ್ತು ಬಿದ್ದಿತ್ತು. ಮಂತ್ರಿಗಳು ಅದನ್ನೂ ಬದುಕಿರುವವರ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು.

ಮೇಲೆ, ನನ್ನ ಮೈಕನ್ನೂ ಗೂಡನ್ನೂ ಎಡಗಡೆಯ ಮೇಜಿಗೆ ಜೋಡಿಸಿದರು. ನನ್ನ ಕುರ್ಚಿ, ನನ್ನ ಮೇಜು ಖಾಲಿಯಾಗಿ ಹಾಗೆಯೇ ಉಳಿದವು. ಅಣ್ಣ ಒಬ್ಬರೇ ಎರಡೂ ಕೆಲಸ. ಜೀಪಿಗೆ ಒಪ್ಪಿಗೆ ಕೊಟ್ಟು ಬಿಲ್ಲೆಯನ್ನು ತಾವೇ ಎತ್ತಿ ತಮ್ಮೆದುರಿನ ಗೂಡಿನಲ್ಲಿ ತಾವೇ ಇಡಬೇಕು. ಒಂದು ದಿನ ಮೆಟ್ಟಿಲ ಬಳಿ ಸಿಕ್ಕಾಗ ನಗುತ್ತಾ, "ಕೈ ಇನ್ನೂ ನಿನ್ನ ಕಡೆಗೇ ಹೋಗುತ್ತೆ ಕಣಮ್ಮ. ಅರ್ಧ ದಾರಿಯಿಂದ ವಾಪಸು ಕರ್ಕೊಂಡು ಬರ್ತೀನಿ" ಎಂದರು. ನಾನೂ ನಕ್ಕೆ. ನಗುವ ವಿಷಯ ಎಂದೇ ಅನಿಸಿತ್ತು.

ಕಕ್ಕಸು ಇದ್ದದ್ದು ಎರಡು ಮಹಡಿ ಕೆಳಗೆ. ಇಬ್ಬರಿದ್ದಾಗ ಅದು ಯಾರಿಗೂ ನೆನಪಾಗುವ ವಿಷಯವೇ ಆಗಿರಲಿಲ್ಲ. ಈಗ? ಮೊದಮೊದಲು ಅಣ್ಣ ಫೋನ್ ಮಾಡುತ್ತಿದ್ದರು, ನಾನು ಓಡಿ ಹೋಗಿ ಕೂರುತ್ತಿದ್ದೆ. ದೊಡ್ಡ ಸಾಹೇಬರಿಗೆ ತಿಳಿಯಿತು. ಪರವಾನಗಿ ಇಲ್ಲದವಳು ಮೈಕು ಹಿಡಿದರೆ ಕೆಲಸ ಹೋಗುತ್ತದೆ ಎಂದು ನನ್ನನ್ನು ಕರೆದು ಎಚ್ಚರಿಸಿದರು. ಅಂದಿನಿಂದ ಅಣ್ಣ ನನ್ನನ್ನು ಕರೆಯಲಿಲ್ಲ. "ನಿನ್ನ ಅನ್ನಕ್ಕೆ ಕಲ್ಲು ಹಾಕೋದಾ? ಬೇಡ ಬಿಡು" ಎಂದರು.

ಹೀಗಿರುವಾಗ ಒಂದು ದಿನ ಅವರಿಗೆ ಹೊಟ್ಟೆ ಕೆಟ್ಟಿತು. ರಜೆ ಕೇಳಿದರೆ, ಬದಲಿಗೆ ಯಾರಿದ್ದಾರೆ? ಬಂದು ಕೂತರು. ತಡೆದರು, ತಡೆದರು, ಕೊನೆಗೆ ತಡೆಯಲಾಗಲಿಲ್ಲ. ಶಾಸ್ತ್ರಬದ್ಧವಾಗಿಯೇ ಮಾಡಿದರು: ಆಕಾಶದಲ್ಲಿದ್ದವರಿಗೆಲ್ಲ ದೂರದಲ್ಲೇ ಸುತ್ತು ಹಾಕುತ್ತಿರಿ ಎಂದು ಹೇಳಿ, ನೆಲದಲ್ಲಿದ್ದವರನ್ನು ಇದ್ದಲ್ಲೇ ನಿಲ್ಲಿಸಿ, ಕೆಳಗೆ ಓಡಿದರು. ಸುತ್ತು ಹಾಕುತ್ತಿದ್ದವರಲ್ಲಿ ಮಂತ್ರಿಗಳಿದ್ದರು. ಯಾವುದೋ ಕಟ್ಟಡದ ಉದ್ಘಾಟನೆಗೆ ಬರುತ್ತಿದ್ದರು, ಬ್ಯಾಂಡಿನವರು ಬಿಸಿಲಲ್ಲಿ ತುತ್ತೂರಿ ಹಿಡಿದು ನಿಂತಿದ್ದರು.

ಅಯ್ಯೋ, ಅದರ ಮರುದಿನ! ಪತ್ರಿಕೆಯಲ್ಲಿ ಚಿತ್ರ: ಒಂದು ಕಕ್ಕಸಿನ ಸುತ್ತ ವಿಮಾನ ಗಿರಕಿ ಹೊಡೆಯುತ್ತಿದೆ. ಅಣ್ಣ ಅಂಗಡಿಗೆ ಹೋದರೆ ಸಾಕು, "ತಡಿಯಪ್ಪಾ, ಆಯ್ತಾ? ಇಳೀಬಹುದಾ?" ಎಂದು ಕೂಗುತ್ತಿದ್ದರು. ಅತ್ತಿಗೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಯಾರಿಗೂ ಒಬ್ಬ ಮನುಷ್ಯನನ್ನು ಒಂದು ಪಾಯಖಾನೆಗೆ ಹೋಗಲೂ ಬಿಡದ ಹಾಗೆ ಕಟ್ಟಿಹಾಕಿದ್ದೇವಲ್ಲ ಎಂದು ಅನಿಸಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ.

ಮಂತ್ರಿಗಳಿಗೆ ಅವಮಾನವಾಗಿತ್ತು. ಇನ್ನೊಬ್ಬರನ್ನು ನೇಮಿಸಿದರೇ? ಎಲ್ಲಿಯ ಮಾತು! ಎರಡು ಆಜ್ಞೆ ಬಂದವು. ಯಾವ ಕಾರಣಕ್ಕೂ ಗೋಪುರ ಬಿಟ್ಟು ಏಳುವಂತಿಲ್ಲ. ಮತ್ತೆ, ಮೇಲಿನವರು ಯಾವಾಗ ಬೇಕಾದರೂ ನೇರವಾಗಿ ಕರೆದು ವಿಮಾನದ ವಿಷಯ ಕೇಳಲು ಗೋಪುರದಲ್ಲೊಂದು ಹೊಸ ಫೋನು, ಅದು ಬಡಿದ ಕೂಡಲೇ ಎತ್ತಬೇಕು. ಫೋನಿಗೆ ಅಣ್ಣನ ಮೇಜಿನಲ್ಲಿ ಜಾಗವಿರಲಿಲ್ಲ. ಪಕ್ಕದ ಮೇಜು ಖಾಲಿಯಿತ್ತಲ್ಲ, ನನ್ನದು. ಅಲ್ಲಿಟ್ಟರು.

ಅಂದಿನಿಂದ ಅಣ್ಣ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನು ಬಿಟ್ಟರು. ಅತ್ತಿಗೆ ಬೆಳಗ್ಗೆ ತುಂಬಿಸಿ ಕೊಟ್ಟ ಬಾಟಲಿ ಸಂಜೆ ಹಾಗೆಯೇ ವಾಪಸು. ತುಟಿ ಒಡೆಯಿತು. ಮಾತು ಕಡಿಮೆಯಾಯಿತು. ಅತ್ತಿಗೆ ನನ್ನ ಹತ್ತಿರ ಅತ್ತರು: "ನೀನಾದ್ರೂ ಹೇಳೇ, ನಿನ್ನ ಮಾತು ಕೇಳ್ತಾರೆ." ಹೇಳಿದೆ. "ಆಯ್ತಮ್ಮ, ಕುಡೀತೀನಿ" ಎಂದರು. ಕುಡಿಯಲಿಲ್ಲ.

ಆ ದಿನ ಬಿಸಿಲು ಇಳಿಯುವ ಹೊತ್ತು. ನಾನು ಕಿಟಕಿಯ ಬಳಿ ಟೀ ಹಿಡಿದು ನಿಂತಿದ್ದೆ. ಜೀಪು ರನ್‌ವೇಯ ಆಚೆ ತುದಿಯಲ್ಲಿತ್ತು, ಬೆಳಗಿನಿಂದ ಅಲ್ಲಿ ಹಕ್ಕಿಗಳು ಕೂರುತ್ತಿದ್ದವು, ಓಡಿಸಲು ಡ್ರೈವರು ಹೋಗಿದ್ದ. ಆ ಹೊತ್ತಿಗೆ ಬರಬೇಕಾದ ವಿಮಾನ ಬರುತ್ತಿರುವುದು ಕಂಡಿತು. ಅದು ಇನ್ನೇನು ಮೇಲೆದ್ದು ಮತ್ತೊಂದು ಸುತ್ತು ಹೋಗುತ್ತದೆ ಎಂದುಕೊಂಡೆ. ಅಣ್ಣ ತಡಿ ಎಂದಿರುತ್ತಾರೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ವಿಮಾನ ಇಳಿಯುತ್ತಲೇ ಇತ್ತು. ಟೀ ಎಲ್ಲಿ ಬಿಟ್ಟೆನೋ, ಮೆಟ್ಟಿಲು ಹತ್ತಿದೆ. ಮೊದಲ ಮಹಡಿಯ ಕಿಟಕಿಯಿಂದ, ಜೀಪು ಒಮ್ಮೆಲೇ ಹುಲ್ಲಿನ ಕಡೆಗೆ ತಿರುಗಿದ್ದು ಕಂಡಿತು. ಅವನು ವಿಮಾನದ ದೀಪ ನೋಡಿದ್ದ. ಹುಲ್ಲಿನಾಚೆ ಮಳೆನೀರಿನ ಕಾಲುವೆ. ಜೀಪು ಅದರೊಳಗೆ ಮಗುಚಿತು. ವಿಮಾನ ರನ್‌ವೇಯ ಮೇಲೆ ಸರಾಗವಾಗಿ ಓಡಿ ನಿಂತಿತು. ಒಳಗಿದ್ದವರು ಇಳಿದು, ಪೆಟ್ಟಿಗೆ ಎಳೆದುಕೊಂಡು, ಟ್ಯಾಕ್ಸಿ ಹಿಡಿದು ಮನೆಗೆ ಹೋದರು. ಪ್ರಯಾಣಿಕರಲ್ಲಿ ಒಬ್ಬರಿಗೂ ಏನೂ ತಿಳಿಯಲಿಲ್ಲ.

ಗಾಜಿನ ಕೋಣೆಯಲ್ಲಿ ಅಣ್ಣ ಎದ್ದು ನಿಂತಿದ್ದರು. ಗೂಡು ಖಾಲಿ. ಕೆಂಪು ಬಿಲ್ಲೆ ನನ್ನ ಮೇಜಿನ ಮೇಲೆ, ಫೋನಿನ ಪಕ್ಕ.

"ಇಟ್ಟಿದ್ದೆ ಕಣಮ್ಮ. ಇಟ್ಟಿದ್ದೆ. ಎಲ್ಲಿ ಹೋಯ್ತು?" ಎಂದು ಗೂಡನ್ನು ಬೆರಳಿನಿಂದ ತಡವುತ್ತಿದ್ದರು.

ಏನಾಗಿತ್ತೆಂದು ಆಮೇಲೆ, ಫೋನು ಮಾಡಿದ್ದವರ ಮಾತು, ಬಿಲ್ಲೆ ಬಿದ್ದಿದ್ದ ಜಾಗ ಎರಡನ್ನೂ ಜೋಡಿಸಿದಾಗ ಗೊತ್ತಾಯಿತು. ಜೀಪಿಗೆ ಒಪ್ಪಿಗೆ ಕೊಟ್ಟು ಬಿಲ್ಲೆ ಎತ್ತಿದ್ದಾರೆ. ಕೈ ಎಂದಿನಂತೆ ಬಲಕ್ಕೆ ಹೋಗಿದೆ. ಅದನ್ನು ವಾಪಸು ಕರೆತರುವ ಮೊದಲು ಆ ಹಾಳು ಫೋನು ಬಡಿದಿದೆ. ಮಂತ್ರಿಗಳ ಆಪ್ತರು, ಯಾರದೋ ನೆಂಟರ ವಿಮಾನ ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂದು ಕೇಳಲು. ಕೈ ಬಿಲ್ಲೆಯನ್ನು ಅಲ್ಲೇ ಬಿಟ್ಟು ಫೋನು ಎತ್ತಿದೆ. ಅಣ್ಣನ ಕೈ ಯಾವತ್ತೂ ಬಿಲ್ಲೆಯನ್ನು ಅಲ್ಲೇ ಬಿಡುತ್ತಿದ್ದದ್ದು. ಅಲ್ಲಿ ಯಾವತ್ತೂ ಇನ್ನೊಂದು ಕೈ ಇರುತ್ತಿತ್ತು. ಮಾತು ಮುಗಿಸಿ ತಿರುಗಿದರೆ ಎದುರಿಗೆ ಗೂಡು ಖಾಲಿ, ಆಚೆ ತುದಿಯ ಮೇಲೆ ಕಣ್ಣು ಕುಕ್ಕುವ ಸಂಜೆ ಬಿಸಿಲು, ಕಿವಿಯಲ್ಲಿ ಪೈಲಟ್. ಇಳಿ ಎಂದರು.

ಡ್ರೈವರನ್ನು ಆಸ್ಪತ್ರೆಗೆ ಒಯ್ಯುವ ಮೊದಲೇ ಪ್ರಾಣ ಹೋಗಿತ್ತು. ನಾನೂ ಅತ್ತಿಗೆಯೂ ಅವನ ಮನೆಗೆ ಹೋದೆವು. ಅಣ್ಣ ಬಂದರೂ ಗೇಟು ದಾಟಿ ಒಳಗೆ ಬರಲಿಲ್ಲ. ಡ್ರೈವರನ ಹೆಂಡತಿ ಕೂಗಾಡಲಿಲ್ಲ, ಶಪಿಸಲಿಲ್ಲ. ಗೇಟಿನ ಹತ್ತಿರ ಬಂದು ಕೇಳಿದಳು:

"ದಿನಾ ತಡಿ ತಡಿ ಅಂತಿದ್ರಂತಲ್ಲಣ್ಣ. ನಮ್ಮೋರು ಮನೆಗೆ ಬಂದು ನಗಾಡ್ತಿದ್ರು. ಅವತ್ತೊಂದಿನ ಯಾಕೆ ಆ ವಿಮಾನಕ್ಕೆ ತಡಿ ಅನ್ಲಿಲ್ಲ?"

ಅಣ್ಣ ಕೈ ಮುಗಿದರು. ಉತ್ತರ ನನ್ನಲ್ಲಿತ್ತು, ಆದರೆ ಗಂಡನನ್ನು ಕಳೆದುಕೊಂಡವಳಿಗೆ ಸರಾಸರಿಯ ಕತೆ ಹೇಗೆ ಹೇಳಲಿ?

ತನಿಖೆಗೆ ಸಮಿತಿ ಮಾಡಿದರು. ಸಮಿತಿ ಬರುವ ಹಿಂದಿನ ದಿನ ದೊಡ್ಡ ಸಾಹೇಬರು ಅಣ್ಣನ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಅತ್ತಿಗೆ ಟೀ ತಂದಿಟ್ಟರು, ಅವರು ಮುಟ್ಟಲಿಲ್ಲ. ಕನ್ನಡಕ ಒರೆಸಿಕೊಂಡು ಹೇಳಿದರು:

"ನೋಡಿ, ನೀವು ಸಿಬ್ಬಂದಿ ಇರಲಿಲ್ಲ, ಫೋನ್ ಬಂತು ಅಂತೆಲ್ಲ ಹೇಳಿದ್ರೆ ವಿಷಯ ಮಂತ್ರಿಗಳ ತನಕ ಹೋಗುತ್ತೆ. ಅವರು ಹಟಕ್ಕೆ ಬೀಳ್ತಾರೆ. ಹಟಕ್ಕೆ ಬಿದ್ರೆ ಆ ಎರಡನೇ ಹುದ್ದೆ ಈ ಜನ್ಮದಲ್ಲಿ ಮಂಜೂರಾಗಲ್ಲ. ನೀವು ಸುಮ್ನೆ ತಪ್ಪು ಒಪ್ಕೊಂಡ್ಬಿಡಿ. ಗಲಾಟೆ ತಣ್ಣಗಾಗುತ್ತೆ. ಆ ಕುರ್ಚಿಗೆ ಜನ ಹಾಕಿಸೋ ಜವಾಬ್ದಾರಿ ನಂದು."

"ಬೆಣ್ಣೆ ಹಚ್ಚಿ ಕತ್ತು ಕೊಯ್ಯೋಕೆ ಬಂದ್ರಾ ಸಾರ್?" ನನ್ನ ಬಾಯಿ ತಡೆಯಲಿಲ್ಲ.

"ನೀನು ಸುಮ್ನಿರಮ್ಮ" ಎಂದರು ಅಣ್ಣ. ಸಾಹೇಬರ ಮುಖ ನೋಡಿ ಕೇಳಿದರು: "ಕುರ್ಚಿ ತುಂಬುತ್ತಾ? ಖಂಡಿತಾ?"

"ಮಾತು ಕೊಡ್ತೀನಿ."

ಸಾಹೇಬರು ಹೋದ ಮೇಲೆ ಅತ್ತಿಗೆ ಇನ್ನಿಲ್ಲದಂತೆ ಜಗಳವಾಡಿದರು. "ಕೆಲಸ ಹೋಗುತ್ತೆ. ಕೊಲೆಗಾರ ಅಂತಾರೆ. ಮಗಳು ಅವಳ ಗಂಡನ ಮನೇಲಿ ತಲೆ ಎತ್ಕೊಂಡು ಹೇಗೆ ಓಡಾಡ್ತಾಳೆ, ಯೋಚನೆ ಮಾಡಿದ್ರಾ?" ಎಂದು ಕೇಳಿದರು. ನಾನು, ಆ ಸಾಹೇಬರ ಮಾತು ನೀರ ಮೇಲಿನ ಬರಹ, ನಂಬಬೇಡಿ ಎಂದೆ.

ಅಣ್ಣ ಸಾಹೇಬರು ಮುಟ್ಟದ ಟೀ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಅವನಂತೂ ವಾಪಸು ಬರಲ್ಲ. ನನ್ನ ಹೆಸರಿಗೆ ಬೆಂಕಿ ಬೀಳಲಿ. ನಾಳೆ ಇನ್ನೊಬ್ಬ ಡ್ರೈವರು ಆ ರನ್‌ವೇಗೆ ಬರ್ತಾನಲ್ಲ, ಅವನಿಗೆ ಮೇಲೆ ಇಬ್ಬರು ಬೇಕು ಕಣಮ್ಮ" ಎಂದರು. ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಸಮಿತಿಯಲ್ಲಿ ಮೂವರಿದ್ದರು. ನಿಲ್ದಾಣವನ್ನು ಸ್ವಲ್ಪ ಹೊತ್ತು ಮುಚ್ಚಿ, ಗಾಜಿನ ಕೋಣೆಯಲ್ಲಿ ಅಣ್ಣನನ್ನು ಅವರ ಕುರ್ಚಿಯಲ್ಲಿ ಕೂರಿಸಿ, ಅಂದು ಮಾಡಿದ್ದನ್ನು ಮಾಡಿ ತೋರಿಸಿ ಎಂದರು. ಬಿಲ್ಲೆಯ ಪದ್ಧತಿ ಗೊತ್ತಿದ್ದವಳೆಂದು ನನ್ನನ್ನೂ ಕರೆದಿದ್ದರು. ಬಾಗಿಲ ಬಳಿ ನಿಲ್ಲಿಸಿ, ಕೇಳಿದರೆ ಮಾತ್ರ ಮಾತಾಡಬೇಕು ಎಂದರು. ದೊಡ್ಡ ಸಾಹೇಬರು ಗೋಡೆಗೆ ಒರಗಿ ನಿಂತಿದ್ದರು.

ಅಣ್ಣ ಮೈಕು ಹಿಡಿದರು. ಬಂದ್ ಮಾಡಿದ್ದ ಮೈಕಿನಲ್ಲಿ, ಇಲ್ಲದ ಜೀಪಿಗೆ, "ತಡಿಯಪ್ಪಾ, ತಡಿ" ಎಂದರು. ಸುತ್ತ ನೋಡಿ "ಬಾ" ಎಂದರು. ಬಿಲ್ಲೆ ಎತ್ತಿದರು. ಈಗ ಗೂಡಿನಲ್ಲಿ ಇಡಬೇಕು. ಎದುರಿಗೇ ಇದೆ ಗೂಡು, ಒಂದು ಗೇಣು ದೂರ.

ಕೈ ಬಲಕ್ಕೆ ಹೋಯಿತು.

ಅಷ್ಟು ಜನರ ಎದುರಿಗೆ, ತನಿಖೆ ನಡೆಯುತ್ತಿರುವಾಗ, ತಾನು ಮಾಡಿದ ತಪ್ಪು ಇದೇ ಎಂದು ಗೊತ್ತಿದ್ದೂ, ಆ ಕೈ ಖಾಲಿ ಕುರ್ಚಿಯ ಕಡೆಗೆ ಹೋಗಿ ಗಾಳಿಯಲ್ಲಿ ನಿಂತಿತು. "ಕೊಟ್ಟೆ" ಎಂದರು ಅಣ್ಣ. ಹೇಳಿದ್ದು ಅವರಿಗೇ ಗೊತ್ತಾಗಲಿಲ್ಲ ಅನಿಸುತ್ತದೆ. ಕೈ ಹಾಗೆಯೇ ಕಾಯುತ್ತಿತ್ತು.

"ತಗೊಂಡೆ" ಎನ್ನುವ ಮಾತು ನನ್ನ ಬಾಯಿಯ ತನಕ ಬಂದಿತ್ತು. ಹಲ್ಲು ಕಚ್ಚಿ ಹಿಡಿದೆ. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು, ನಾಚಿಕೆಯಾಗಲಿಲ್ಲ. ಕೋಣೆಯಲ್ಲಿ ಎಲ್ಲರೂ ನೋಡಿದರು. ಎಲ್ಲರಿಗೂ ಅರ್ಥವಾಯಿತು. ಇಷ್ಟಾದ ಮೇಲೂ ಅರ್ಥವಾಗದಿರಲು ಅವರೇನು ಕುರುಡರೇ?

ಸಮಿತಿಯ ಹಿರಿಯರು ಮೆಲ್ಲಗೆ ಕೇಳಿದರು: "ಯಾರಿಗೆ ಕೊಡ್ತಿದ್ದೀರಿ?"

ಒಂದೇ ಒಂದು ಮಾತು ಸಾಕಿತ್ತು. ಬಾಗಿಲ ಬಳಿ ನಿಂತಿದ್ದ ನನ್ನ ಕಡೆಗೆ ಬೆರಳು ತೋರಿಸಿದ್ದರೂ ಸಾಕಿತ್ತು. ಅಣ್ಣ ದೊಡ್ಡ ಸಾಹೇಬರನ್ನು ನೋಡಿದರು. ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು.

"ಯಾರಿಗೂ ಇಲ್ಲ ಸಾರ್. ಅಭ್ಯಾಸ. ತಪ್ಪು ನಂದೇ" ಎಂದರು ಅಣ್ಣ, ಕೈಯನ್ನು ಎಳೆದುಕೊಂಡು ಬಿಲ್ಲೆಯನ್ನು ಗೂಡಿನಲ್ಲಿಟ್ಟರು.

ನಾನು ಕೂಗಿದೆ. ಕೇಳದೆ ಮಾತಾಡಬಾರದು ಎಂದಿದ್ದರೂ ಕೂಗಿದೆ. ಸುಳ್ಳು, ಅಲ್ಲಿ ನಾನಿರಬೇಕಿತ್ತು, ನನ್ನನ್ನು ತೆಗೆದರು, ಫೋನು ಇಟ್ಟರು, ಎಲ್ಲ ಹೇಳಿದೆ. ಹಿರಿಯರು ಕೇಳಿಸಿಕೊಂಡರು. ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟು ಕೂತಿದ್ದ.

ಅಣ್ಣನ ಕೆಲಸ ಹೋಯಿತು. ನಿಲ್ದಾಣದ ಕ್ವಾರ್ಟರ್ಸ್ ಬಿಟ್ಟು, ವಿಮಾನಗಳು ತಲೆಯ ಮೇಲೆಯೇ ಇಳಿಯುವ ಹಾದಿಯಲ್ಲಿ ಒಂದು ಸಣ್ಣ ಮನೆ ಹಿಡಿದರು. ಬೇರೆ ಕಡೆ ಹೋಗೋಣ ಎಂದು ಅತ್ತಿಗೆ ಗೋಗರೆದರೂ ಕೇಳಲಿಲ್ಲ. ಜನ ಈಗ ಅಂಗಡಿಯಲ್ಲಿ ನಗುತ್ತಿರಲಿಲ್ಲ, ಅವರು ಬಂದರೆ ಕೊಲೆಗಾರ ಎಂದು ಉಗಿಯುತ್ತಿದ್ದರು. ಅಣ್ಣ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಹೋದಾಗಲೆಲ್ಲ ಅವರ ಪ್ರಶ್ನೆ ಒಂದೇ.

"ಕುರ್ಚಿಗೆ ಯಾರಾದ್ರೂ ಬಂದ್ರಾ?"

"ಇನ್ನೂ ಇಲ್ಲ ಅಣ್ಣ. ವರದಿ ಬರಲಿ ಅಂತಿದ್ದಾರೆ."

"ಬರುತ್ತೆ, ಬರುತ್ತೆ. ತಡಿ."

ಅವರ ಜಾಗಕ್ಕೆ ಒಬ್ಬ ಚಿಕ್ಕ ಹುಡುಗಿಯನ್ನು ಹಾಕಿದ್ದರು. ಅಣ್ಣನ ಮಗಳ ವಯಸ್ಸಿನವಳಿರಬೇಕು. ಸಂಜೆ ಅವಳು ಕೆಳಗಿಳಿದು ಬಂದಾಗ ತುಟಿ ನೋಡುತ್ತಿದ್ದೆ. ಒಡೆದಿರುತ್ತಿತ್ತು.

ಕೊನೆಗೆ ವರದಿ ಬಂತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರು ಎಂದು ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಸಂಬಂಧಪಟ್ಟ ನೌಕರನೇ ತಪ್ಪು ಒಪ್ಪಿಕೊಂಡಿರುವುದರಿಂದ ಸಿಬ್ಬಂದಿ ಸಂಖ್ಯೆಯ ಪ್ರಶ್ನೆ ಏಳುವುದಿಲ್ಲ ಎಂದಿತ್ತು. ಹಾಗಾದರೆ ಇನ್ನು ಮುಂದೆ ಇಂಥದ್ದು ಆಗದಂತೆ ಏನು ಮಾಡಬೇಕು? ಅದೂ ಇತ್ತು. ಗೋಪುರದಲ್ಲಿರುವ ಖಾಲಿ ಕುರ್ಚಿ ಮತ್ತು ಮೇಜು ನೌಕರನ ಗಮನವನ್ನು ತಪ್ಪು ದಿಕ್ಕಿಗೆ ಸೆಳೆದಿದೆ. ಆದ್ದರಿಂದ ಅವನ್ನು ತೆಗೆಯತಕ್ಕದ್ದು. ನಿಯಮದಲ್ಲಿಲ್ಲದ ಕೆಂಪು ಬಿಲ್ಲೆಯನ್ನೂ ತೆಗೆಯತಕ್ಕದ್ದು.

ನೆಗಡಿಯಾಯಿತೆಂದು ಮೂಗು ಕೊಯ್ಯುವುದು ಎಂದರೆ ಇದೇ ಅಲ್ಲವೇ? ಆ ಕೈಯನ್ನು ಅವರೂ ನೋಡಿದ್ದರು, ನಾನೂ ನೋಡಿದ್ದೆ. ಕೈ ಹುಡುಕಿದ್ದು ಮನುಷ್ಯನನ್ನು. ಅವರಿಗೆ ಕಂಡದ್ದು ಪೀಠೋಪಕರಣ.

ವರದಿ ಬಂದ ವಾರದಲ್ಲೇ ಇಬ್ಬರು ಕೂಲಿಯವರು ನನ್ನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿದರು. ಅದನ್ನು ದೊಡ್ಡ ಸಾಹೇಬರ ಕೋಣೆಯ ಹೊರಗೆ, ನೋಡಲು ಬಂದವರು ಕೂರಲಿ ಎಂದು ಹಾಕಿದರು. ನಾನು ನೇರವಾಗಿ ಒಳಗೆ ಹೋಗಿ, "ಮಾತು ಕೊಟ್ಟಿದ್ರಲ್ಲ ಸಾರ್" ಎಂದೆ. ಅವರು ಕನ್ನಡಕ ತೆಗೆದರು. "ಮೇಲಿಂದ ಬಂದಿದ್ದು..." ಎಂದು ಶುರು ಮಾಡಿದರು. ಉಳಿದದ್ದು ಕೇಳಲು ನಿಲ್ಲಲಿಲ್ಲ.

ಸೀದಾ ಅಣ್ಣನ ಮನೆಗೆ ನಡೆದೆ. ದಾರಿಯುದ್ದಕ್ಕೂ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೆ. ತುಂಬಿತು ಅಣ್ಣ, ಒಬ್ಬಳು ಬಂದಿದ್ದಾಳೆ, ಚುರುಕಾಗಿದ್ದಾಳೆ. ಅಷ್ಟೇ ತಾನೇ? ಒಬ್ಬ ಮನುಷ್ಯ ತನ್ನ ಮಾನ ಮಾರಿ ಕೊಂಡದ್ದು ಸಿಕ್ಕಿತು ಎಂದು ತಿಳಿದು ನಾಲ್ಕು ದಿನ ನೆಮ್ಮದಿಯಾಗಿರಲಿ. ಯಾರಪ್ಪನ ಗಂಟು ಹೋಗುತ್ತದೆ?

ಅಣ್ಣ ಬಾಗಿಲಲ್ಲೇ ಕೂತಿದ್ದರು. ಅತ್ತಿಗೆ ಒಳಗಿನಿಂದ ಟೀ ತಂದು ಅವರ ಕೈಗಿಟ್ಟರು, ಅವರು ಅದನ್ನು ನನಗೆ ಚಾಚಿದರು.

"ಕೊಟ್ಟೆ" ಎಂದರು. "ಕುರ್ಚಿ ತುಂಬಿತಾ?"

ಲೋಟದ ಮೇಲೆ ಇಬ್ಬರ ಕೈಯೂ ಇತ್ತು. ಹಾಗೆ ಕೈಯಿಟ್ಟುಕೊಂಡು ನಾವು ಒಬ್ಬರಿಗೊಬ್ಬರು ಯಾವತ್ತೂ ಸುಳ್ಳು ಹೇಳಿದವರಲ್ಲ. ಬಾಯಿಪಾಠ ಮಾಡಿಕೊಂಡದ್ದೆಲ್ಲ ಎಲ್ಲಿ ಹೋಯಿತೋ.

"ತೆಗೆದ್ರು ಅಣ್ಣ" ಎಂದೆ. "ಕುರ್ಚಿಯನ್ನೇ ತೆಗೆದ್ರು. ಬಿಲ್ಲೆಯನ್ನೂ. ಅದರಿಂದಲೇ ನಿಮ್ಮ ಗಮನ ತಪ್ಪಿದ್ದಂತೆ."

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅಣ್ಣ ನನ್ನನ್ನೇ ನೋಡುತ್ತಿದ್ದರು. ಬೈಯಲಿಲ್ಲ, ಅಳಲಿಲ್ಲ. ಲೋಟವನ್ನೂ ಬಿಡಲಿಲ್ಲ. ನಾನಿನ್ನೂ ತಗೊಂಡೆ ಎಂದಿರಲಿಲ್ಲ.

"ಹಾಗಾದ್ರೆ ಮೇಲೆ ಆ ಮಗು ಒಂಟಿನಾ?"

"ಹೂಂ."

"ಜೀಪು ಬಂದ್ರೆ?"

ಅಷ್ಟರಲ್ಲಿ ದೂರದಲ್ಲಿ ಶಬ್ದ ಕೇಳಿಸಿತು. ವಿಮಾನ. ಅಣ್ಣ ಲೋಟ ಬಿಟ್ಟರು. ಟೀ ನನ್ನ ಕೈಮೇಲೆ ಚೆಲ್ಲಿತು, ಯಾರೂ ಗಮನಿಸಲಿಲ್ಲ. ಅವರು ಎದ್ದು ಅಂಗಳಕ್ಕೆ ಹೋಗಿ ನಿಂತರು. ಅತ್ತಿಗೆಯೂ ಹೋಗಿ ಪಕ್ಕದಲ್ಲಿ ನಿಂತರು. ಅವರಿಬ್ಬರೂ ದಿನವೂ ಹೀಗೇ ನಿಲ್ಲುತ್ತಾರೆಂದು ನನಗೆ ಆಗ ತಿಳಿಯಿತು. ಶಬ್ದ ದೊಡ್ಡದಾಯಿತು, ಚಕ್ರಗಳು ಕಾಣುವಷ್ಟು ತಗ್ಗಿನಲ್ಲಿ ವಿಮಾನ ಮನೆಯ ಮೇಲಿಂದ ಹೋಯಿತು, ಮರಗಳಾಚೆ ಮರೆಯಾಯಿತು. "ತಡಿ, ತಡಿ, ತಡಿ" ಎಂದು ಅಣ್ಣನ ತುಟಿ ಅಲ್ಲಾಡುತ್ತಿತ್ತು. ಕೊನೆಗೆ ನೆಲ ಮುಟ್ಟಿದ ವಿಮಾನ ವೇಗ ತಗ್ಗಿಸುವಾಗಿನ ಆ ಗುಡುಗು ದೂರದ ನಿಲ್ದಾಣದಿಂದ ಕೇಳಿಸಿತು. ಬೇರೆ ಯಾವ ಸದ್ದೂ ಬರಲಿಲ್ಲ.

"ಇಳೀತು" ಎಂದರು ಅತ್ತಿಗೆ.

ಅಣ್ಣ ತಲೆಯಾಡಿಸಿದರು. ಒಳಗೆ ಬಂದು ಬಾಗಿಲಲ್ಲಿ ಕೂತು, ಗಡಿಯಾರ ನೋಡಿದರು.

"ಸಂಜೆಗೆ ಇನ್ನೊಂದಿದೆ" ಎಂದರು.